ಅಜ್ಜನ ಗುರುವಾರ

“ಬಹುಮುಖ ಅಂದ್ರೆ ಎಂತ ಪಪ್ಪಾ? ಅಜ್ಜನಿಗೆ ಒಂದೇ ಮುಖ ಇದ್ದದ್ದಲ್ವಾ?”

ಯಕ್ಷಿತಾ ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತಿ ಕೇಳಿದಳು. ಅವಳ ಪಪ್ಪ ಪ್ರಶಾಂತ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಮಂಚದ ಕೆಳಗೆ ಸಾಕ್ಸ್ ಹುಡುಕುತ್ತಿದ್ದರು.

“ತುಂಬಾ ಕೆಲಸ ಗೊತ್ತಿದ್ದವರು ಅಂತ ಅರ್ಥ. ನೀನು ಬಾಯಿಪಾಠ ಮಾಡು, ಸಾಕು. ಎರಡು ನಿಮಿಷದ ಸ್ಪೀಚ್ ಅಷ್ಟೇ.”

ಅಜ್ಜ ಚೆನ್ನಯ ತೀರಿಕೊಂಡು ಎರಡು ತಿಂಗಳಾಗಿತ್ತು. ಬರುವ ಭಾನುವಾರ ಅವರ ಗೆಳೆಯರೆಲ್ಲ ಸೇರಿ ಮುಂಬೈಯ ಸಾಂತಾಕ್ರೂಜ್‌ನ ಒಂದು ಹಾಲ್‌ನಲ್ಲಿ ಅವರನ್ನು ನೆನೆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮೊಮ್ಮಗಳೂ ಮಾತಾಡಬೇಕು, ಅದೂ ಕನ್ನಡದಲ್ಲೇ ಮಾತಾಡಬೇಕು ಎಂದು ಎಲ್ಲರ ಒತ್ತಾಯ.

ಯಕ್ಷಿತಾಗೆ ಅದೇ ಭಯ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡಲು ಹೋದರೆ ನಾಲಿಗೆ ತಡವರಿಸುತ್ತಿತ್ತು. ಹೋದ ವರ್ಷ ಕನ್ನಡ ಕ್ಲಾಸಿನ ಸ್ಟೇಜ್ ಮೇಲೆ ನಿಂತು, “ನಾನು ದಿನಾಲೂ ಹಾಳು ಕುಡಿಯುತ್ತೇನೆ” ಎಂದುಬಿಟ್ಟಿದ್ದಳು. ಹಾಲು ಎನ್ನಬೇಕಿತ್ತು. ಇಡೀ ಹಾಲ್ ನಕ್ಕಿತ್ತು. ಅವತ್ತೇ ಮೈಕ್ ಮುಂದೆ ಇನ್ನು ಕನ್ನಡ ಬೇಡ ಎಂದು ತೀರ್ಮಾನಿಸಿದ್ದಳು.

ಪಪ್ಪ ಹೋದಮೇಲೆ ಅವಳು ಕಾಗದವನ್ನು ಮತ್ತೆ ಓದಿದಳು. ಅಜ್ಜ ನಲವತ್ತು ವರ್ಷ ಹೋಟೆಲಿನಲ್ಲಿ ಅಡುಗೆ ಮಾಸ್ಟರ್ ಆಗಿದ್ದರು. ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಿದ್ದರು. ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಬಿಲ್ಡಿಂಗಿನ ಎಲ್ಲರ ಮಿಕ್ಸರ್ ರಿಪೇರಿ ಮಾಡಿಕೊಡುತ್ತಿದ್ದರು. ಹೊಲಿಗೆಯೂ ಬರುತ್ತಿತ್ತು.

ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಯಕ್ಷಿತಾಗೆ ಇದ್ದಕ್ಕಿದ್ದಂತೆ ಬೇರೆಯೇ ಒಂದು ಪ್ರಶ್ನೆ ಹುಟ್ಟಿತು.

“ಅಜ್ಜೀ, ಅಜ್ಜನಿಗೆ ಗೊತ್ತಿಲ್ಲದ್ದು ಅಂತ ಎಂತಾದ್ರೂ ಇತ್ತಾ?”

ವಿನೋದಿನಿ ಅಜ್ಜಿ ಕಪಾಟಿನ ಮುಂದೆ ಕೂತು ಅಜ್ಜನ ಅಂಗಿಗಳನ್ನು ಮಡಚುತ್ತಿದ್ದರು.

“ಇಲ್ಲ ಮಗಾ. ಐವತ್ತು ವರ್ಷ ಜೊತೆಗಿದ್ದೆ. ಇಂಥ ಕೆಲಸ ಅವರಿಗೆ ಬರುವುದಿಲ್ಲ ಅಂತ ನಾನು ಕಂಡದ್ದಿಲ್ಲ.”

ಹಾಗೆನ್ನುತ್ತ ಒಂದು ಅಂಗಿಯ ಜೇಬಿಗೆ ಕೈಹಾಕಿ ಸಣ್ಣ ಡೈರಿಯೊಂದನ್ನು ಹೊರತೆಗೆದರು. ಕನ್ನಡಕ ಇರಲಿಲ್ಲವಾದ್ದರಿಂದ ಯಕ್ಷಿತಾಳ ಕೈಗೆ ಕೊಟ್ಟರು.

ಅಜ್ಜನ ದುಂಡು ಅಕ್ಷರ. ಯಕ್ಷಿತಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಗುರುವಾರ, ನಾಲ್ಕು ಗಂಟೆ. ವಿಜೇತಾ ಟೀಚರ್, ವಿಕ್ರೋಳಿ.” ಕೆಳಗೆ ಫೋನ್ ನಂಬರ್. ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನ ಪುಟದಲ್ಲೂ.

ಅಜ್ಜಿಯ ಕೈ ನಿಂತಿತು. “ಗುರುವಾರವಾ? ಗುರುವಾರ ಅವರು ದಾದರಿಗೆ ಹೋಗ್ತಿದ್ದದ್ದು! ಬರುವಾಗ ನನಗೆ ಮಲ್ಲಿಗೆ ತರ್ತಿದ್ರು. ಯಾವ ಟೀಚರ್? ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ಲವಲ್ಲ.”

ಅಜ್ಜಿಯ ದನಿ ಸಣ್ಣದಾಯಿತು. ಯಕ್ಷಿತಾಗೆ ಅದು ಹಿಡಿಸಲಿಲ್ಲ. ಫೋನ್ ತೆಗೆದುಕೊಂಡು ಆ ನಂಬರ್ ಒತ್ತಿದಳು.

“ಹಲೋ, ವಿಜೇತಾ ಟೀಚರ್? ಮೈ ಯಕ್ಷಿತಾ... ಚೆನ್ನಯ... ಅವರ ಮೊಮ್ಮಗಳು.”

“ಅಯ್ಯ, ಅಜ್ಜಾರ ಮೊಮ್ಮಗಳೇನ?” ಆ ಕಡೆಯಿಂದ ಹೆಣ್ಣು ದನಿಯೊಂದು ಜೋರಾಗಿ ಕೇಳಿತು. “ಎಲ್ಲಿ ಹೋಗ್ಯಾರವ್ವ ಅವರು? ಎರಡು ತಿಂಗಳಾತು ಕ್ಲಾಸಿಗೆ ಬಂದಿಲ್ಲ. ಫೋನೂ ಬಂದ್. ಬಂದ್ರ ಚಲೋತ್ನಂಗ ಬೈಬೇಕು ಅಂತ ಕುಂತೀನಿ!”

ಯಕ್ಷಿತಾ ಅಜ್ಜಿಯ ಮುಖ ನೋಡಿದಳು. ಹೇಗೆ ಹೇಳುವುದು? ಕಡೆಗೆ ಮೆಲ್ಲಗೆ, “ಅಜ್ಜ ಇಲ್ಲ, ಟೀಚರ್,” ಎಂದಳು.

“ಅಯ್ಯ ಶಿವನ! ಅಜ್ಜಿನ್ನ ಕರಕೊಂಡು ಬಾರವ್ವ, ಸ್ಟೇಷನ್ನಿಗೆ ನಾನ ಬರ್ತೀನಿ,” ಎಂದಿತು ಆ ದನಿ.

ಅವತ್ತೂ ಗುರುವಾರವೇ. ಶಾಲೆಗೆ ರಜೆಯಿತ್ತು. ಮಧ್ಯಾಹ್ನ ಅಜ್ಜಿ ಒಳ್ಳೆಯ ಸೀರೆ ಉಟ್ಟು, “ನಡಿ, ನೋಡಿಯೇ ಬರುವ,” ಎಂದರು. ಇಬ್ಬರೂ ಸಾಂತಾಕ್ರೂಜ್‌ನಲ್ಲಿ ಲೋಕಲ್ ಹತ್ತಿದರು. ದಾದರಿನಲ್ಲಿ ಇಳಿದು, ಬ್ರಿಜ್ ದಾಟಿ, ಸೆಂಟ್ರಲ್ ಲೈನಿನ ಟ್ರೇನ್ ಹಿಡಿದರು.

“ದಾದರಿಗೆ ಹೋಗ್ತೇನೆ ಅಂದದ್ದು ಸುಳ್ಳಲ್ಲ ಅಜ್ಜಿ,” ಎಂದಳು ಯಕ್ಷಿತಾ. “ಅಜ್ಜ ಇಲ್ಲಿ ಟ್ರೇನ್ ಚೇಂಜ್ ಮಾಡ್ತಿದ್ರು.”

“ದೊಡ್ಡ ವಕೀಲೆ ನೀನು,” ಎಂದರು ಅಜ್ಜಿ. ತುಟಿ ಮಾತ್ರ ಸ್ವಲ್ಪ ನಕ್ಕಿತು.

ವಿಕ್ರೋಳಿ ಸ್ಟೇಷನ್ನಿನ ಹೊರಗೆ ಜೀನ್ಸ್ ಹಾಕಿದ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷವಿರಬಹುದು. ನೇರ ಬಂದು ಅಜ್ಜಿಯ ಕಾಲು ಮುಟ್ಟಿದಳು.

“ನಾನೇ ವಿಜೇತಾ. ಬರ್ರಿ ಅಜ್ಜಿ.”

“ನೀನಾ ಟೀಚರ್?” ಅಜ್ಜಿ ಬಾಯಿ ತೆರೆದೇ ಇದ್ದರು.

ಫ್ಯಾಕ್ಟರಿಯ ಉದ್ದ ಗೋಡೆಯ ಪಕ್ಕ, ಸಾಲು ಕೋಣೆಗಳ ಚಾಳ್‌ನಲ್ಲಿ ಅವಳ ಮನೆ. ಅಲ್ಲಿನ ಒಂದೇ ಕೋಣೆಯ ಮೂಲೆಯಲ್ಲಿ, ಗಾದಿಯ ಮೇಲೆ, ಹಿತ್ತಾಳೆಯ ದೊಡ್ಡ ಸ್ಯಾಕ್ಸೊಫೋನ್ ಮಲಗಿತ್ತು. ವಿಜೇತಾ ಮದುವೆ ಬ್ಯಾಂಡಿನಲ್ಲಿ ಅದನ್ನು ನುಡಿಸುತ್ತಿದ್ದಳು. ಮದುವೆ ಇಲ್ಲದ ದಿನಗಳಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು.

“ಅಜ್ಜಾರು ಸಣ್ಣವರಿದ್ದಾಗ ಊರಾಗ ಮದುವ್ಯಾಗ ಇದನ್ನ ಕೇಳಿದ್ರಂತ. ಅವಾಗಿಂದ ಆಸೆ ಇತ್ತಂತ. ‘ನನಗೂ ಕಲಿಸ್ತೀರೇನು ಟೀಚರ್’ ಅಂದ್ರು. ಎಪ್ಪತ್ತೊಂದು ವರ್ಷದ ಮನಷ್ಯಾ ನನಗ ಟೀಚರ್ ಅಂದ್ರ, ನಗೂ ಬಂತು, ನಾಚಿಕೀನೂ ಬಂತು.”

ಯಕ್ಷಿತಾ ಮುಂದಕ್ಕೆ ಬಾಗಿದಳು. “ಅಜ್ಜ ಫಸ್ಟ್ ಕ್ಲಾಸ್ ನುಡಿಸ್ತಿದ್ರಾ?”

ವಿಜೇತಾ ಅಜ್ಜಿಯ ಕಡೆ ಒಮ್ಮೆ, ಯಕ್ಷಿತಾಳ ಕಡೆ ಒಮ್ಮೆ ನೋಡಿದಳು.

“ಸುಳ್ಳು ಹೇಳಬಾರದು. ಭಾಳ ಕೆಟ್ಟ ನುಡಿಸ್ತಿದ್ರು. ಹತ್ತು ತಿಂಗಳಾದ್ರೂ ಒಂದು ಹಾಡು ನೆಟ್ಟಗ ಬರಲಿಲ್ಲ. ಬಾಜೂ ಮನಿ ಹುಡುಗರು ಕಿವಿ ಮುಚ್ಚಿಕೊಂಡು ಓಡಿ ಹೋಗ್ತಿದ್ವು.”

ಯಕ್ಷಿತಾಗೆ ನಂಬಲಾಗಲಿಲ್ಲ. ಅಜ್ಜನಿಗೆ ಬಾರದ ಕೆಲಸ!

ವಿಜೇತಾ ಫೋನ್ ತೆಗೆದು ಒಂದು ರೆಕಾರ್ಡಿಂಗ್ ಹಾಕಿದಳು. ಮೊದಲು ಎಮ್ಮೆ ಕೂಗಿದಂತಹ ಸದ್ದು. ಆಮೇಲೆ ಬಾಗಿಲು ಕಿರ್ ಎಂದಂತೆ. “ಮತ್ತ ತಪ್ಪು ಅಜ್ಜಾರ! ಬೆರಳು ಎಲ್ಲಿಟ್ಟೀರಿ?” ಎಂದು ವಿಜೇತಾಳ ಬೈಗುಳ. ಅದರ ಬೆನ್ನಿಗೇ ಅಜ್ಜನ ನಗು. ಉಸಿರು ಸಾಲದೆ, ಕೆಮ್ಮಿ, ಮತ್ತೆ ನಕ್ಕ ನಗು.

ಯಕ್ಷಿತಾ ಆ ನಗು ಕೇಳಿ ಎರಡು ತಿಂಗಳಾಗಿತ್ತು. ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಆಮೇಲೆ, “ಆ ಎಮ್ಮೆಯನ್ನು ಪುನಃ ಕೇಳಿಸು ಮಗಾ,” ಎಂದರು. ಈ ಸಲ ಮೂವರೂ ನಕ್ಕರು.

“ಬಾರದಿದ್ದರೂ ಯಾಕೆ ಅಷ್ಟು ದೂರ ಬರ್ತಿದ್ರು?” ಯಕ್ಷಿತಾ ಕೇಳಿದಳು.

“ನಾನೂ ಕೇಳಿದ್ದೆ. ‘ಮನೆಯಲ್ಲಿ ನಾನು ಎಂತ ಮುಟ್ಟಿದರೂ ವಾಹ್ ಅಂತಾರೆ. ಇಲ್ಲಿ ನೀವು ಬೈತೀರಿ. ನನಗೆ ಖುಷಿಯಾಗ್ತದೆ’ ಅಂದ್ರು. ಮನ್ಯಾಗ ಹೇಳ್ರಿ ಅಂದ್ರ, ‘ಒಂದು ಹಾಡು ಬರಲಿ, ಆಮೇಲೆ ವಿನೋದಿನಿಗೆ ಹೇಳ್ತೇನೆ’ ಅಂತಿದ್ರು.”

ಅಜ್ಜಿ ಎದ್ದು ಹೋಗಿ ಸ್ಯಾಕ್ಸೊಫೋನಿನ ತಣ್ಣಗಿನ ಹಿತ್ತಾಳೆಯ ಮೇಲೆ ಕೈಯಾಡಿಸಿದರು. “ಪೆದ್ದ,” ಎಂದರು. ಅಜ್ಜನನ್ನು ಹಾಗೆ ಕರೆದದ್ದನ್ನು ಯಕ್ಷಿತಾ ಯಾವತ್ತೂ ಕೇಳಿರಲಿಲ್ಲ. ಆದರೂ ಬೈದಂತೆ ಅನಿಸಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಒಬ್ಬೊಬ್ಬರಾಗಿ ಎದ್ದು ಅಜ್ಜನ ನೀರುದೋಸೆ, ಮದ್ದಳೆ, ಬೋರ್ಡು, ಎಲ್ಲವನ್ನೂ ಹೊಗಳಿದರು. ಕೊನೆಗೆ ಯಕ್ಷಿತಾಳ ಹೆಸರು ಕರೆದರು.

ಅವಳು ಪಪ್ಪನ ಕಾಗದವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದಳು. ಪಪ್ಪ ಕೈಸನ್ನೆ ಮಾಡಿದರು. ಅವಳು ನೋಡಲಿಲ್ಲ. ಮೈಕ್ ಎತ್ತರವಾಗಿತ್ತು. ಯಾರೋ ಬಂದು ಕೆಳಗೆ ಮಾಡಿಕೊಟ್ಟರು.

“ಎಲ್ಲರೂ ಅಜ್ಜನಿಗೆ ಬರುವುದು ಹೇಳಿದರು. ನಾನು... ಬಾರದ್ದು ಹೇಳುತ್ತೇನೆ.”

ಹಾಲ್‌ನಲ್ಲಿ ಗುಸುಗುಸು ನಿಂತಿತು. ಯಕ್ಷಿತಾ ಗುರುವಾರದ ಕತೆ ಶುರುಮಾಡಿದಳು. ದಾದರ್, ಬ್ರಿಜ್, ವಿಕ್ರೋಳಿ, ಎಮ್ಮೆಯ ಸದ್ದು. ಮಾತು ಸಿಗದ ಕಡೆ ಕೈಯಲ್ಲಿ ಸ್ಯಾಕ್ಸೊಫೋನ್ ಹಿಡಿದಂತೆ ಊದಿ ತೋರಿಸಿದಳು. ಕೊನೆಯ ಸಾಲಿನಲ್ಲಿ ವಿಜೇತಾ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

“ಟೀಚರ್ ಬೈದರು. ಆಗ ಅಜ್ಜ ಜೋರಾಗಿ ನಕ್ಕಳು.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರ ಹಿಂದಿನವರೂ ನಕ್ಕರು. ಯಕ್ಷಿತಾಳ ಕಿವಿ ಬಿಸಿಯಾಯಿತು. ಅವಳು ಒಂದು ಗಳಿಗೆ ನಿಂತಳು. ನಗು ಮುಗಿಯುವ ತನಕ ಕಾಯಬಹುದಲ್ಲ ಎಂದು ಅವಳಿಗೆ ಹೊಳೆಯಿತು. ಕಾದಳು.

“ನಕ್ಕರು,” ಎಂದು ತಾನೇ ಸರಿಮಾಡಿಕೊಂಡಳು. ಅವಳಿಗೂ ನಗು ಬಂತು.

ಮುಂದಿನ ವಾಕ್ಯದಲ್ಲಿ ಇನ್ನೊಂದು ತಪ್ಪು ಬಂತು. ಅವಳು ಅದನ್ನೂ ದಾಟಿಕೊಂಡು ಮುಂದೆ ಹೋದಳು.