ತೂಬಿನ ಬೆಣೆ

ಬೆಳೆಗಾರರ ಸಂಜೆಯ ಸಭೆಗೆ ಮುಂಚೆ ಆ ಸೈಕಲ್ ಸವಾರನನ್ನು ಹಿಡಿದು ತರಬೇಕಿತ್ತು. ಇಲ್ಲದಿದ್ದರೆ ತೂಬು ಕಾಯುವ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಣೆ ಹೊಡೆಯಲು ಮರೆತವಳು ಎಂಬ ಹೆಸರು ಅವಳಿಗೆ ಅಂಟಿಕೊಳ್ಳುತ್ತಿತ್ತು.

ಸಮುದ್ರ ಹೊಲಕ್ಕೆ ನುಗ್ಗದಂತೆ ಏರಿಯಲ್ಲಿರುವ ತೂಬಿನ ಬಾಯಿಗೆ ಐದು ಹಲಗೆ ಇಳಿಸಿ, ಮೇಲೆ ಮರದ ಬೆಣೆ ಬಿಗಿಯುವುದು ಅವಳ ಕೆಲಸ. ಮಲಗುವ ಮುನ್ನ ಮೂರು ಸಲ ಮುಟ್ಟಿ ನೋಡುವವಳು. ಬೆಳಿಗ್ಗೆ ಎರಡು ಹಲಗೆಗಳು ಏರಿಯ ಮೆಟ್ಟಿಲಿಗೆ ಒರಗಿದ್ದವು; ಮೇಲೆ ಟೈರಿನ ಗುರುತು. ಬೆಣೆ ನಾಪತ್ತೆ. ಎಲೆಕೋಸಿನ ಸಸಿಗಳು ಉಪ್ಪುನೀರಲ್ಲಿ ಕುತ್ತಿಗೆವರೆಗೆ ಮುಳುಗಿದ್ದವು.

"ಆ ಕೆಂಪು ಚೀಲದವನೇ," ಎಂದಳು ನಾದಿನಿ. "ನಿನ್ನೆ ನನ್ನ ಹತ್ರ ನೀರು ಕೇಳಿದ. ಕರಾವಳಿ ಪೂರ್ತಿ ತುಳೀತಾನಂತೆ. ಇವತ್ತು ದೀಪಸ್ತಂಭಕ್ಕೆ ಹೋಗ್ತೀನಿ, ಮೊಬೈಲಲ್ಲಿ ಹತ್ತಿರದ ದಾರಿ ಸಿಕ್ಕಿದೆ ಅಂತ ಅರ್ಧ ಗಂಟೆ ಕೊರೆದ."

"ಸಮುದ್ರದಂಚಿನ ಕೆಸರುಗದ್ದೆ ದಾರಿ?"

"ಅದೇ. ಸಮುದ್ರದ ಇಳಿತದಲ್ಲಿ ಮಾತ್ರ ಅದು ದಾರಿ ಅಂತ ಹೇಳೋಕೆ ಬಿಟ್ಟರೆ ತಾನೆ?"

ಇಬ್ಬರೂ ಹಳೆಯ ಸೈಕಲ್ ಹತ್ತಿದರು.

ರಸ್ತೆ ಪ್ರತಿ ಹಿನ್ನೀರನ್ನೂ ಸುತ್ತಿಕೊಂಡು ಹೋಗುತ್ತದೆ; ಅವರು ಹಿಡಿದ ಏರಿ ನೇರ. ಒಂದು ಬದಿಗೆ ಈರುಳ್ಳಿ, ಆಲೂಗಡ್ಡೆಯ ಸಾಲುಗಳು, ಇನ್ನೊಂದು ಬದಿಗೆ ಬೂದುಬಣ್ಣದ ಕೆಸರು, ಅದರಾಚೆ ಹೊಳೆಯುವ ನೀರಿನ ಗೆರೆ. ಎದುರುಗಾಳಿಗೆ ಸೆರಗು ಕಣ್ಣಿಗೆ ಬಡಿಯುತ್ತಿತ್ತು. ಆ ಗೆರೆ ಎಷ್ಟು ಹತ್ತಿರ ಬಂತೆಂದು ಅವಳು ಮತ್ತೆ ಮತ್ತೆ ತಿರುಗಿ ನೋಡಿದಳು.

ಒಂದೆಡೆ ಏರಿ ಕುಸಿದಿತ್ತು. ಸೈಕಲ್ ಹೆಗಲಿಗೇರಿಸಿ ಕೆಸರಿನ ಬದಿಗೆ ಇಳಿದರು.

ನಾದಿನಿಯ ಕಾಲು ಜಾರಿತು. ತೊಡೆವರೆಗೆ ಕೆಸರು.

ಅತ್ತಿಗೆ ಅವಳ ಜಡೆ, ರಟ್ಟೆ, ಸಿಕ್ಕಿದ್ದನ್ನು ಹಿಡಿದೆಳೆದಳು.

"ಜಡೆ ಬಿಡಿ ಅತ್ತಿಗೆ, ಕಾಲಿಗಿಂತ ಮೊದಲು ಅದೇ ಕಿತ್ತು ಬರತ್ತೆ."

ಕೆಸರುಗದ್ದೆ ದಾರಿ ಮುಗಿಯುವ ಕಾಲುವೆಯ ಬಳಿ ಅವರೇ ಮೊದಲು ತಲುಪಿದರು; ಸವಾರ ಇನ್ನೂ ದೂರದ ಕೆಸರಲ್ಲಿ ಸೈಕಲ್ ಎಳೆಯುತ್ತಿದ್ದ. ದಾಟಲು ಅಲ್ಲೊಂದೇ ಹಲಗೆ. ಅವಳು ಅದನ್ನು ಎಳೆದು ದಡಕ್ಕೆ ಹಾಕಿ ಅದರ ಮೇಲೆ ಕುಳಿತಳು.

ಸವಾರ ಕಾಲುವೆಯ ಆಚೆ ಬದಿಗೆ ಬಂದಾಗ ಅವನ ಹಿಂದಿನ ದಾರಿ ನೀರಲ್ಲಿ ಮುಚ್ಚಿಹೋಗಿತ್ತು.

"ಅಕ್ಕಾವ್ರೇ, ಆ ಹಲಗೆ ಸ್ವಲ್ಪ ಹಾಕ್ತೀರಾ?"

"ಹಲಗೆ ಕಿತ್ತು ಉಪಯೋಗಿಸೋದು ನಿಮಗೆ ಅಭ್ಯಾಸ ಅಲ್ವಾ? ಬೆಳಿಗ್ಗೆ ತೂಬಿಂದು ಕಿತ್ತಿರಿ."

"ಅದು... ಮೆಟ್ಟಿಲು ಹತ್ತಿಸೋಕೆ. ಸೈಕಲ್ ಭಾರ ಇತ್ತು."

"ಬೆಣೆ?"

"ಆ ಮರದ ತುಂಡಾ? ಕಲ್ಲಲ್ಲಿ ಬಡಿದು ತೆಗೆದೆ. ನನ್ನ ಗುಡಾರದ್ದೊಂದು ಗೂಟ ಕಳೆದಿತ್ತು, ಇಟ್ಕೊಂಡೆ."

ಅವಳು ಹಲಗೆಯಿಂದ ಏಳಲಿಲ್ಲ. ನೀರು ಅವನ ಮೊಣಕಾಲು ಮುಟ್ಟಿತು, ದಾಟಿತು.

"ಸಾಕು ಅತ್ತಿಗೆ," ಎಂದಳು ನಾದಿನಿ ಮೆಲ್ಲಗೆ.

"ಸಸಿಗಳಿಗೆ ಕುತ್ತಿಗೆವರೆಗೆ ಬಂದಿತ್ತು."

ಒಂದು ಅಲೆ ಅವನನ್ನು ತಳ್ಳಿತು. ಅವನು ಸೈಕಲನ್ನೇ ತಬ್ಬಿಕೊಂಡ. ಅವನ ಮುಖದಲ್ಲಿ ಈಗ ಭಯ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಕಣ್ತುಂಬ ನೋಡಿದ ಮೇಲೆಯೇ ಅವಳು ಹಲಗೆ ಹಾಕಿದಳು.

"ಮೊದಲು ಸೈಕಲ್."

ಅವನು ತಳ್ಳಿದ. ಅವಳು ಎರಡೂ ಚಕ್ರಗಳ ವಾಲ್ವ್ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಳಿ ಬುಸ್ಸೆಂದಿತು.

"ಈಗ ನೀವು ಬನ್ನಿ. ತೂಬಿನವರೆಗೆ ಹದಿನಾಲ್ಕು ಕಿಲೋಮೀಟರ್ ತಳ್ಕೊಂಡು ನಡೀಬೇಕು."

ಹೊತ್ತು ಮುಳುಗುವ ಮೊದಲು ಮೂವರೂ ತೂಬಿನ ಬಳಿ ಬಂದರು. ಬೆಳೆಗಾರರ ಮುಂದೆ ಅವನು ಚೀಲ ಬಿಚ್ಚಿ ಬೆಣೆ ತೆಗೆದ. "ಬಿಗಿಯಾಗೇ ಇತ್ತು. ತೆಗೆದವನು ನಾನು," ಎಂದ.

ಯಾರೂ ಕ್ಷಮೆ ಕೇಳಲಿಲ್ಲ. ಬೆಳಿಗ್ಗೆ ಅವಳ ಕೈಯಿಂದ ಕಸಿದಿದ್ದ, ಬೆಣೆ ಹೊಡೆಯುವ ಕೊಡತಿಯನ್ನು ಹಿರಿಯ ಬೆಳೆಗಾರ ತಾನೇ ತಂದು ಅವಳ ಕೈಗಿತ್ತ, ಅಷ್ಟೆ.

ಹಲಗೆ ಇಳಿಸಿ ಅವಳು ಬೆಣೆ ಹೊಡೆದಳು. ಮೂರು ಸಲ ಮುಟ್ಟಿ ನೋಡಿದಳು.

"ನನ್ನ ವಾಲ್ವ್..." ಎಂದ ಸವಾರ.

"ಇಳಿತ ಬರಲಿ. ಹೊಲದಲ್ಲಿ ನಿಂತ ಉಪ್ಪುನೀರನ್ನೆಲ್ಲ ಹೊರಗೆ ಬಿಡಬೇಕು," ಎಂದು ಅವಳು ಮೆಟ್ಟಿಲ ಮೇಲೆ ಕುಳಿತಳು. "ಹಲಗೆ ಎತ್ತೋದು ನಿಮಗೆ ಗೊತ್ತಲ್ಲ."