ಬಿಚ್ಚಿದವನ ಮನೆಗೆ

"ಬಿಚ್ಚಬೇಡಪ್ಪಾ. ಇದರೊಳಗೆ ಮಾಟ ಕಟ್ಟಿಹಾಕಿದ್ದಾರೆ. ಬಿಚ್ಚಿದೋರ ಮನೆಗೆ ಹೋಗುತ್ತೆ," ಎಂದಳು ಹುಡುಗಿಯ ತಾಯಿ.

ಸ್ಕ್ಯಾನ್ ಕೋಣೆಗೆ ಹೊಸದಾಗಿ ಬಂದಿದ್ದ ಟೆಕ್ನಿಷಿಯನ್ ನಕ್ಕ. "ನಮ್ದು ಬಾಡಿಗೆ ಮನೆ ಕಣಮ್ಮಾ. ಓನರ್ರು ಹೊಸಬರನ್ನ ಸೇರಿಸಲ್ಲ."

ಮೈಮೇಲೆ ಲೋಹವಿದ್ದರೆ ಒಳಗೆ ಬಿಡುವಂತಿರಲಿಲ್ಲ. ಹುಡುಗಿಯ ಕೊರಳಿನ ಕಪ್ಪು ದಾರಕ್ಕೆ ಕತ್ತರಿ ಹಾಕಿದ. ತಗಡಿನ ತಾಯಿತದಿಂದ ಸುಟ್ಟ ಕೂದಲಿನ ವಾಸನೆ ಬಂತು. ವಾಪಸು ಕೊಡಹೋದರೆ ಆ ತಾಯಿ ಕೈ ಹಿಂದಕ್ಕೆ ಎಳೆದುಕೊಂಡಳು. ಇನ್ನದು ತಮ್ಮದಲ್ಲವಂತೆ. ಕೋಟಿನ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂತ.

ಯಂತ್ರ ಗಡಗಡ ಬಡಿಯತೊಡಗಿತು. ಹುಡುಗಿಯ ಮಿದುಳಿನ ನಡುವೆ, ಎರಡೂ ಬದಿಗಳನ್ನು ಬೆಸೆಯುವ ಸೇತುವೆಯಂಥ ಜಾಗದಲ್ಲಿ, ಒಂದು ಬಿಳಿ ಮಚ್ಚೆ. ಡಾಕ್ಟರು ಗಾಬರಿಯಾಗಲಿಲ್ಲ. ಜ್ವರವೋ, ಸಕ್ಕರೆ ಕುಸಿತವೋ, ಫಿಟ್ಸೋ, ಏನೋ ಒಂದು ಇದರ ಹಿಂದಿರುತ್ತದೆ, ಅದು ಸರಿಹೋದರೆ ಸಾಮಾನ್ಯವಾಗಿ ಮಚ್ಚೆಯೂ ಅಳಿಸಿಹೋಗುತ್ತದೆ ಎಂದರು. ಕೆದಕಿ ಕೇಳಿದ ಮೇಲೆ ತಾಯಿ ಬಾಯಿಬಿಟ್ಟಳು: ತಾಯಿತ ಕಟ್ಟಿದ ದಿನವೇ ಮಗಳ ಫಿಟ್ಸ್ ಮಾತ್ರೆ ನಿಲ್ಲಿಸಿದ್ದಳು.

ಟೆಕ್ನಿಷಿಯನ್ನನ ಹೆಂಡತಿ ನುಂಗುತ್ತಿದ್ದುದೂ ಅದೇ ಮಾತ್ರೆ. ಮನೆಗೆ ಹೋಗಿ ಈ ಕತೆ ಹೇಳಬೇಕು ಅಂದುಕೊಂಡ. ಊಟಕ್ಕೆ ಕೂತಾಗ ಮರೆತ.

ಮಾತ್ರೆ ಮತ್ತೆ ಶುರುವಾಗಿ ಹುಡುಗಿ ಚೇತರಿಸಿಕೊಂಡಳು. ಎರಡನೇ ಸ್ಕ್ಯಾನಿನಲ್ಲಿ ಮಚ್ಚೆ ಇರಲಿಲ್ಲ. ಅವಳು ನಗುತ್ತ ಹೊರಟ ಬಾಗಿಲಿನಿಂದಲೇ ಅವನ ಹೆಂಡತಿಯ ಸ್ಟ್ರೆಚರ್ ಒಳಗೆ ಬಂತು.

ಬೆಳಗಿನಿಂದ ಫಿಟ್ಸ್ ಮೇಲೆ ಫಿಟ್ಸ್. ಲೋಹವೇನಾದರೂ ಇದೆಯೇ ಎಂದು ಅವನು ಕೊರಳ ಬಳಿ ಬಟ್ಟೆ ಸರಿಸಿದ. ಕಪ್ಪು ದಾರ, ಅದೇ ತಗಡಿನ ತಾಯಿತ. ಸುಟ್ಟ ಕೂದಲಿನ ವಾಸನೆ. ಕೆಲವು ದಿನಗಳಿಂದ ಮನೆಯಲ್ಲೂ ಇದೇ ವಾಸನೆ. ಒಲೆಯದು ಅಂದುಕೊಂಡಿದ್ದ.

ಅವಳು ಕಣ್ಣು ತೆರೆದಳು. ನಾಲಿಗೆ ತೊದಲುತ್ತಿತ್ತು. "ಕೋಟು ಒಗೆಯೋವಾಗ ಸಿಕ್ತು. ಏನನ್ನೂ ನಂಬದೋರು ನನಗೋಸ್ಕರ ಇದನ್ನ ತಂದಿದ್ದೀರಲ್ಲಾ ಅಂತ... ಮಾತ್ರೆ ಬಿಟ್ಟುಬಿಟ್ಟೆ ಕಣ್ರೀ."

ಅವನು ಕತ್ತರಿ ಎತ್ತಿದ.

"ಬಿಚ್ಚಬೇಡಿ. ನೀವು ತಂದದ್ದು."

ಕತ್ತರಿಸಿದ. ಯಂತ್ರ ಬಡಿಯಿತು. ಪರದೆ ಬೆಳಗಿತು. ಅದೇ ಜಾಗ. ಅದೇ ಮಚ್ಚೆ. ಹೋಗುತ್ತದೆ, ಹೆದರಬೇಡ ಎಂದರು ಡಾಕ್ಟರು.

ಹೋಯಿತು. ಮುಂದಿನ ಸ್ಕ್ಯಾನಿನಲ್ಲಿ ಮಚ್ಚೆ ಇದ್ದ ಗುರುತೂ ಇರಲಿಲ್ಲ. ಅವನು ಓಡಿಹೋಗಿ ಅವಳ ಮಂಚದ ಬಳಿ ನಿಂತ. ದಾರಿಹೋಕನನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಬರಿಯ ಕೊರಳನ್ನು ತಡವಿಕೊಂಡಳು. ಕಣ್ಣು ತುಂಬಿ ಬಂತು.

"ನಮ್ಮೆಜಮಾನ್ರು ನನಗೆ ಅಂತ ತಂದಿದ್ರು," ಎಂದಳು. "ಯಾರ್ರೀ ಅದನ್ನ ಬಿಚ್ಚಿದ್ದು?"