ಮನಿಯವ್ರಿಗೆ ಗೊತ್ತಿಲ್ಲ

"ಸಾರಿ ಮೇಡಂ, ಈ ಮಾತ್ರೆ ಸಾಮಾನ್ಯವಾಗಿ ಗಂಡಸರಿಗೆ..."

ಪ್ಲಾಸ್ಟಿಕ್ ಪರದೆಯಾಚೆಗಿನ ಯುವಕ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅಸ್ಮತ್‌ಳ ಪಿತ್ತ ನೆತ್ತಿಗೇರಿತು.

"ಇಂವಾ ಒಬ್ಬಾಂವ ಬಾಕಿ ಇದ್ದ ನೋಡು!" ಮಾಸ್ಕಿನೊಳಗೇ ಗೊಣಗಿದಳು.

ಯುವಕ ಬೆಚ್ಚಿದ. ಗುಂಗುರು ಕೂದಲು, ಕಪ್ಪು ಮೈಬಣ್ಣ... ಸುರಿನಾಮಿನವಳೋ ಘಾನಾದವಳೋ ಅಂದುಕೊಂಡಿದ್ದವಳ ಬಾಯಲ್ಲಿ ತನ್ನದೇ ಸೀಮೆಯ ಕನ್ನಡ!

"ನೀವು... ಯಾ ಊರ್ರಿ?"

"ಹಳಿಯಾಳ. ಸಿದ್ದಿ ಮಂದಿ ನಾವು. ಯಾಕ, ನಂಬಿಕಿ ಬರವಲ್ದೇನು?"

ಅವನು ಹಾವೇರಿಯ ಸುಹೈಲ್, ನೆದರ್ಲೆಂಡಿನ ರಾಟರ್‌ಡ್ಯಾಮಿನ ಆ ಔಷಧದಂಗಡಿಯ ಸಹಾಯಕ. ಅವಳು ಕೇಳಿದ್ದು ಎಚ್‌ಐವಿ ತಗಲದಂತೆ ಮೊದಲೇ ನುಂಗುವ ಮಾತ್ರೆ. ಕೊರೋನಾ ಬಂದು ಕ್ಲಿನಿಕ್ಕುಗಳು ಅರ್ಧ ಬಾಗಿಲು ಹಾಕಿದ್ದವು. ಫೋನಿನಲ್ಲಿ ಸಿಕ್ಕ ಡಾಕ್ಟರುಗಳೆಲ್ಲ 'ಇದು ನಿನ್ನಂಥವರಿಗಲ್ಲ' ಅಂದಿದ್ದರು. ಕಾಡಿ ಬೇಡಿ ಬರೆಸಿಕೊಂಡು ಬಂದರೆ ಇಲ್ಲೂ ಅದೇ ರಾಗ!

ಸುಹೈಲ್ ಒಳಗೆ ಹೋಗಿ ಹಿರಿಯರನ್ನು ಕೇಳಿ ಬಂದ. ಮುಖ ಸಣ್ಣದಾಗಿತ್ತು.

"ತಪ್ಪು ನಂದs ರಿ. ಹೆಣ್ಮಕ್ಕಳಿಗೂ ಕೊಡ್ತಾರ."

ತಪ್ಪು ಒಪ್ಪಿಕೊಳ್ಳುವ ಗಂಡಸು ಅಪರೂಪ. ಅಸ್ಮತ್‌ಳ ಸಿಟ್ಟು ಅಲ್ಲೇ ಕರಗಿತು. ಆಮೇಲೆ ಮಾತ್ರೆಗೆಂದು ಬಂದಾಗಲೆಲ್ಲ ಅಂಗಡಿಯ ಹೊರಗೆ, ಬೆಂಚಿನ ಈ ತುದಿಗೊಬ್ಬರು ಆ ತುದಿಗೊಬ್ಬರು ಕೂತು ಚಹಾ ಕುಡಿದರು. ಲಾಕ್‌ಡೌನಿನ ಆ ಬಿಕೋ ಎನ್ನುವ ಊರಿನಲ್ಲಿ ಅವಳಿಗಿದ್ದ ಸುಖ ಅದೊಂದೇ.

ಒಂದು ದಿನ ಅವನು ಮೆಲ್ಲಗೆ ಕೇಳಿದ.

"ಈ ಮಾತ್ರಿ ವಿಷಯ ಯಾರಿಗಾದ್ರೂ ಹೇಳೀರೇನು?"

"ಇಲ್ರೀ. ನಮ್ಮ ಮನಿಯವ್ರಿಗೆ ಗೊತ್ತಿಲ್ಲ. ಗೊತ್ತಾದ್ರ ಕೊಂದೇ ಬಿಡ್ತಾರ!"

ಅವಳು ನಕ್ಕಳು. ಅವನು ನಗಲಿಲ್ಲ. ನಮ್ಮ ಕಡೆ ಹೆಂಗಸೊಬ್ಬಳು 'ನಮ್ಮ ಮನಿಯವ್ರು' ಅಂದರೆ ಯಾರು ಹೇಳಿ? ಗಂಡ!

ಮುಂದಿನ ಸಲ ಸುಹೈಲ್ ಕಣ್ಣೆತ್ತಿಯೂ ನೋಡದೆ ಪೊಟ್ಟಣ ದೂಡಿದ. "ನೆಕ್ಸ್ಟ್!"

ಅಸ್ಮತ್ ಪೊಟ್ಟಣ ಎತ್ತಿಕೊಂಡು ಹೊರಬಿದ್ದಳು. 'ಇವನೂ ಹಾಗೇ ತಿಳಿದನಾ? ಇಂಥ ಮಾತ್ರೆ ನುಂಗುವವಳು ಎಂಥವಳೋ ಅಂತ...' ಡಾಕ್ಟರುಗಳ ಮಾತಿಗೆ ಬಗ್ಗದವಳು ಈ ಒಂದು ಉಪೇಕ್ಷೆಗೆ ಕುಸಿದಳು. ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ. ಮಾತ್ರೆಯೂ ನಿಂತಿತು.

ಅವಳ ಹೆಸರಿನ ಪೊಟ್ಟಣ ಕಪಾಟಿನಲ್ಲೇ ಉಳಿದದ್ದನ್ನು ಕಂಡು ಸುಹೈಲ್ ಫೋನ್ ಮಾಡಿದ. ಅಂಗಡಿಗೆ ಬರಲಾರೆನೆಂದಳು. ಕೊನೆಗೆ ಮಾಸ್ ನದಿಯ ದಂಡೆಯಲ್ಲಿ ಸಿಕ್ಕರು.

"ಮಾತ್ರಿ ಯಾಕ ಬಿಟ್ರಿ? ನಿಮ್ಮ ಮನಿಯವ್ರು ಬ್ಯಾಡ ಅಂದ್ರೇನು?"

"ಹಳಿಯಾಳದಾಗ ಕೂತ ನಮ್ಮವ್ವಗ ಏನ್ ಗೊತ್ತಾಗಬೇಕು?"

"ಅವ್ವ...? ಮತ್ತ ಗಂಡ?"

"ಯಾ ಗಂಡ?!"

ಸುಹೈಲ್ ತಲೆ ಮೇಲೆ ಕೈಹೊತ್ತು ನಿಂತ. ಅಸ್ಮತ್‌ಗೆ ನಗು ಬರಲಿಲ್ಲ, ಅಳು ಬಂತು.

"ನನ್ನ ಗೆಳತಿ ಮರ್ಲೀನ್, ಸುರಿನಾಮಿನಕಿ. ಇದs ಮಾತ್ರಿ ಕೇಳಿದ್ಲು. ನಿನಗ ಬೇಕಾಗಿಲ್ಲ ಅಂತ ಕಳಿಸಿದ್ರು. ಆಮ್ಯಾಲೆ ಕ್ಲಿನಿಕ್ ಮುಚ್ತು... ಈಗ ಅಕಿಗೆ ಎಚ್‌ಐವಿ ಐತಿ. 'ನಾ ಕೇಳಿದ್ನಲ್ಲ ಅಸ್ಮತ್, ನಾ ಕೇಳಿದ್ದೆ' ಅಂತ ಅದೊಂದೇ ಮಾತು ಹೇಳಿ ಅಳ್ತಾಳ."

ಗಾಳಿ ಕೊರೆಯುತ್ತಿತ್ತು. ಅಸ್ಮತ್ ಕಣ್ಣೊರೆಸಿಕೊಂಡಳು.

"ನಾ ಮೊದಲ ಪ್ರೀತಿಸಿದಾಂವ ಟೆಸ್ಟ್ ಮಾಡಿಸ್ಕೋ ಅಂದ್ರ ಹೊಡಿಯಾಕ ಬಂದ. ಬಿಟ್ಟು ಬಂದೆ. ಇನ್ನ ಯಾರನ್ನ ಪ್ರೀತಿಸಿದ್ರೂ ಅವನ ಬಾಯಿಮಾತಿನ ಮ್ಯಾಲ ನನ್ನ ಜೀವ ಇಡೂದಿಲ್ಲ. ಅಷ್ಟs."

"ನಾ ಟೆಸ್ಟ್ ಮಾಡಿಸ್ಕೋತೀನಿ." ಸುಹೈಲ್ ಒಂದು ಹೆಜ್ಜೆ ಹತ್ತಿರ ಬಂದ. "ನನಗ ನೀವು ಬೇಕು, ಅಸ್ಮತ್. ಗಂಡ ಅದಾನ ಅಂತ ತಿಳ್ಕೊಂಡು ನಿದ್ದಿ ಬಿಟ್ಟು ಒದ್ದಾಡೀನಿ..."

"ನೀವು ಟೆಸ್ಟ್ ಮಾಡಿಸಿದ್ರೂ ನಾ ಮಾತ್ರಿ ಬಿಡೂದಿಲ್ಲ."

"ಬಿಡಬ್ಯಾಡ."

'ಬಿಡಬ್ಯಾಡ್ರಿ' ಅನ್ನಲಿಲ್ಲ ಅವನು. ಆ ಸಲಿಗೆ ಅವಳಿಗೆ ಕೇಳಿಸಿತು. ತಣ್ಣಗಾಗಿದ್ದ ತನ್ನ ಕೈಯನ್ನು ಅವನ ಕೈಯೊಳಗಿಟ್ಟಳು.

"ನಾಳೆ ಮರ್ಲೀನಳ ತಂಗಿ ಇದs ಮಾತ್ರಿ ಚೀಟಿ ತಗೊಂಡು ನಿನ್ನ ಕೌಂಟರಿಗೆ ಬರ್ತಾಳ, ಸುಹೈಲ್. ಅಂಜಾಕತ್ಯಾಳ. ಅಕಿನ್ನ ತಿರುಗಿ ಕಳಸಬ್ಯಾಡ."

"ಕಳಸೂದಿಲ್ಲ."